ಗಾಜಿನ ತೊಟ್ಟಿಯ ಮೀನುಗಳು

ಕೊಣನೂರಿನ ಬಳಿ ಕಾವೇರಿಯಲ್ಲಿ ಸಣ್ಣ ಮೀನುಗಳು ಹಿಂಡುಗೂಡಿ ತಿರುಗುತ್ತವೆ. ಅವುಗಳ ಕಲ್ಮಶವನ್ನು ಹೊಳೆಯ ಹರಿವೇ ಕೊಂಡೊಯ್ಯುತ್ತದೆ. ಮನೆಯ ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ. ಅಮೆಜಾನ್ ಪ್ರದೇಶದ ನಿಯಾನ್ ಟೆಟ್ರಾದಂತಹ ಪುಟ್ಟ ಮೀನುಗಳನ್ನು ಹೊಸ ತೊಟ್ಟಿಗೆ ಬಿಟ್ಟರೆ, ನೀರು ನಿರ್ಮಲವಾಗಿ ಕಂಡರೂ ಅವು ಕೆಲವೇ ದಿನಗಳಲ್ಲಿ ಸಾಯುವುದುಂಟು. ದೂರು ಮಾತ್ರ ಅಂಗಡಿಯವನ ಮೇಲೆ! ಮೀನಿನ ಕಿವಿರುಗಳಿಂದಲೂ ಕೊಳೆತ ಆಹಾರದಿಂದಲೂ ಸೇರುವ ಅಮೋನಿಯವೇ ಇದಕ್ಕೆ ಕಾರಣ. ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟು ಅಪಾಯಕರವಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಅವು ವೃದ್ಧಿಯಾಗಲು ಸುಮಾರು 4ರಿಂದ 6 ವಾರಗಳು ಬೇಕು. ಅಷ್ಟು ದಿನವೂ ಖಾಲಿ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತಿದ್ದರೆ, ಅದು ಕೊಳೆತು ಅವಕ್ಕೆ ಗ್ರಾಸವಾಗುತ್ತದೆ.

ಹಿಂಡಿನ ಮೀನು ಒಂಟಿಯಾದರೆ ಬೆದರಿ ಮೂಲೆ ಸೇರುತ್ತದೆ. ಒಂದೇ ಜಾತಿಯ 6 ಮೀನುಗಳಾದರೂ ಜೊತೆಯಲ್ಲಿರಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಾಯಿಸಬೇಕು. ಶೋಧಕದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಜಾಲಿಸಬೇಕು. ನಲ್ಲಿಯ ಕೆಳಗೆ ತೊಳೆದರೆ, ವಾರಗಟ್ಟಲೆ ಬೆಳೆದ ಬ್ಯಾಕ್ಟೀರಿಯಗಳು ಕ್ಲೋರಿನ್ನಿಗೆ ಬಲಿಯಾಗುತ್ತವೆ.