ಇಲ್ಲದ ಹೆಂಗಸನ್ನು ಹುಡುಕಿದರು

ಸಂತೆಯಲ್ಲಿ ಈರುಳ್ಳಿ ಕೊಳ್ಳುತ್ತೀರಿ. ತೂಕಕ್ಕೆ ಮುಂಚೆ ಏನು ನೋಡುತ್ತೀರಿ? ಖಾಲಿ ತಕ್ಕಡಿ ನೋಡುತ್ತೀರಿ. ಮುಳ್ಳು ವಾಲಿದ್ದರೆ ಸುಮ್ಮನಿರುತ್ತೀರಾ? "ಏನಪ್ಪಾ, ತಕ್ಕಡಿ ಸರಿ ಇಲ್ಲವಲ್ಲ" ಅಂತ ಕೇಳುತ್ತೀರಿ.

ಪರೀಕ್ಷೆಯ ಸಾಮಾನು ಸರಿ ಇಲ್ಲದೆ ಪೊಲೀಸರೇ ಮೋಸ ಹೋದ ಸಂಗತಿ ಇದು. ನಡೆದದ್ದು ಜರ್ಮನಿ ದೇಶದಲ್ಲಿ.

ಡಿ.ಎನ್.ಎ. ಎಂದರೇನು?

ನಮ್ಮ ಮೈಯಲ್ಲಿ ಸಣ್ಣ ಸಣ್ಣ ಜೀವಕೋಶಗಳಿವೆ. ಅವುಗಳ ಒಳಗೆ ಡಿ.ಎನ್.ಎ. ಎಂಬ ಎಳೆ ಇದೆ. ಅರ್ಧ ತಾಯಿಯಿಂದ ಬಂದದ್ದು. ಅರ್ಧ ತಂದೆಯಿಂದ ಬಂದದ್ದು. ಒಬ್ಬರ ಹಾಗೆ ಇನ್ನೊಬ್ಬರದು ಇರುವುದಿಲ್ಲ. ತದ್ರೂಪಿ ಅವಳಿಗಳದು ಮಾತ್ರ ಒಂದೇ ಥರ. ಇದರಿಂದ ಜನರನ್ನು ಗುರುತಿಸುವ ದಾರಿಯನ್ನು 1984ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಜೆಫ್ರಿಸ್ ಕಂಡುಹಿಡಿದರು.

ಈಗ ಪರೀಕ್ಷೆಗೆ ಸಿದ್ಧ ಕಿಟ್‌ಗಳು ಸಿಗುತ್ತವೆ. ರಕ್ತದ ಕಲೆಯನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುತ್ತಾರೆ. ಅದರಲ್ಲಿರುವ ಡಿ.ಎನ್.ಎ.ಯನ್ನು ಬಿಡಿಸಿಕೊಳ್ಳುತ್ತಾರೆ. ಕಿಟ್‌ನ ರಾಸಾಯನಿಕ ಸೇರಿಸಿ ಯಂತ್ರದಲ್ಲಿ ಇಡುತ್ತಾರೆ. ಲಕ್ಷಾಂತರ ನಕಲು ಆಗುತ್ತವೆ. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು. ಆದರೆ ಬೇರೆಯವರದು ಚೂರು ಸೇರಿದರೂ ಅದೂ ನಕಲಾಗಿಬಿಡುತ್ತದೆ.

ಏನಾಯಿತು?

2007ರಲ್ಲಿ ಹೈಲ್‌ಬ್ರಾನ್ ಎಂಬ ಊರಲ್ಲಿ 22 ವರ್ಷದ ಮಹಿಳಾ ಪೊಲೀಸ್ ಕೊಲೆಯಾಯಿತು. ಅವರ ಗಾಡಿಯಲ್ಲಿ ಒಬ್ಬ ಹೆಂಗಸಿನ ಡಿ.ಎನ್.ಎ. ಸಿಕ್ಕಿತು. 1993ರ ಒಂದು ಕೊಲೆಯಲ್ಲೂ ಅದೇ ಸಿಕ್ಕಿತ್ತು. 2001ರ ಕೊಲೆಯಲ್ಲೂ ಅದೇ. ಕಳವುಗಳಲ್ಲೂ ಅದೇ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಸೇರಿ ಸುಮಾರು 40 ಕಡೆ! ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ ಅಂದರು. ಹೆಂಗಸು ಸಿಗಲೇ ಇಲ್ಲ.

2009ರಲ್ಲಿ ಒಂದು ಸುಟ್ಟ ಶವದ ಗುರುತು ಹಿಡಿಯಬೇಕಿತ್ತು. ಅದಕ್ಕಾಗಿ ಒಬ್ಬ ಗಂಡಸಿನ ಕಾಗದಪತ್ರ ಒರೆಸಿ ನೋಡಿದರು. ಅಲ್ಲೂ ಅದೇ ಹೆಂಗಸು! ಬೇರೆ ಕಡ್ಡಿಯಿಂದ ಒರೆಸಿದರು. ಹೆಂಗಸು ಮಾಯ!

ಡಿ.ಎನ್.ಎ. ಇದ್ದದ್ದು ಕಡ್ಡಿಯಲ್ಲೇ. ಕಡ್ಡಿ ತಯಾರಾಗುವಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸಿನದು ಅದು. ಪಾಪ, ಆಕೆಯ ತಪ್ಪೇನೂ ಇಲ್ಲ.

ಕಡ್ಡಿಗಳನ್ನು ಕ್ರಿಮಿ ಇಲ್ಲದ ಹಾಗೆ ಶುದ್ಧ ಮಾಡಿದ್ದರಲ್ಲ? ಹೌದು. ಆದರೆ ಹಾಲು ಕಾಯಿಸಿದರೆ ಕ್ರಿಮಿ ಸಾಯುತ್ತವೆ. ಹಾಲಿಗೆ ಬಿದ್ದ ಕೂದಲು ಹೋಗುತ್ತದೆಯೆ? ಇಲ್ಲ. ಹಾಗೆಯೇ ಡಿ.ಎನ್.ಎ. ಉಳಿದಿತ್ತು.

ನಿಜವಾದ ಕೊಲೆಗಾರರು ಬೇರೆಯವರೇ ಎಂದು 2011ರಲ್ಲಿ ತಿಳಿಯಿತು. ಅದಕ್ಕೆ ಮುಂಚೆ ಎರಡು ವರ್ಷ ಇಲ್ಲದ ಹೆಂಗಸಿನ ಹುಡುಕಾಟದಲ್ಲೇ ಕಳೆದಿತ್ತು.

ಕಿಟ್ ಸರಿ ಇದೆಯೆ? ನೋಡುವುದು ಹೇಗೆ?

1. ಏನೂ ಹಚ್ಚದ ಕಡ್ಡಿಯನ್ನು ಪರೀಕ್ಷಿಸಬೇಕು. ಯಾರ ಡಿ.ಎನ್.ಎ.ಯೂ ಬರಬಾರದು. ಇದೇ ಖಾಲಿ ತಕ್ಕಡಿ. ಒಂದೆರಡು ಕಡ್ಡಿ ನೋಡಿದರೆ ಸಾಲದು. ಪ್ರತಿ ಸಲವೂ ನೋಡಬೇಕು.

2. ಯಾರದೆಂದು ಮೊದಲೇ ಗೊತ್ತಿರುವ ರಕ್ತ ಹಾಕಬೇಕು. ಸರಿಯಾದ ಉತ್ತರ ಬರಬೇಕು. ಇದು ಮುದ್ರೆ ಒತ್ತಿದ ತೂಕದ ಬಟ್ಟು ಇಟ್ಟ ಹಾಗೆ.

3. ಬೇರೆ ದಿನ, ಬೇರೆಯವರು ಮಾಡಿದರೂ ಅದೇ ಉತ್ತರ ಬರಬೇಕು.

4. ದನದ ರಕ್ತ, ನಾಯಿಯ ರಕ್ತ ಹಾಕಿದರೆ ಮನುಷ್ಯರದು ಅಂತ ಬರಬಾರದು.

5. ಹಳೆಯ ಕಲೆ, ಮಣ್ಣು ಮೆತ್ತಿದ ಕಲೆ, ಇಬ್ಬರ ರಕ್ತ ಬೆರೆತ ಕಲೆ ಹಾಕಿ ನೋಡಬೇಕು. ಉತ್ತರ ಸ್ಪಷ್ಟವಾಗಿ ಬರದಿದ್ದರೆ "ಗೊತ್ತಾಗಲಿಲ್ಲ" ಅಂತಲೇ ಬರೆಯಬೇಕು.

ಇಂಥ ಸಾಮಾನಿನಲ್ಲಿ ಮನುಷ್ಯರ ಡಿ.ಎನ್.ಎ. ಸೇರಬಾರದು ಎಂದು 2016ರಲ್ಲಿ ಅಂತರರಾಷ್ಟ್ರೀಯ ನಿಯಮವೂ ಬಂತು.

ಪರೀಕ್ಷೆಯ ಒಂದು ಕಾಗದದಿಂದ ಒಬ್ಬರು ಜೈಲಿಗೆ ಹೋಗಬಹುದು. ನಿರಪರಾಧಿ ಬಿಡುಗಡೆ ಆಗಬಹುದು. ಯಂತ್ರ ಹೇಳಿತು ಅಂತ ಕಣ್ಣು ಮುಚ್ಚಿ ನಂಬಬಾರದು. "ಖಾಲಿ ಪರೀಕ್ಷೆ ಮಾಡಿದ್ದೀರಾ?" ಅಂತ ಕೇಳಬೇಕು. ಸಂತೆಯಲ್ಲಿ ನೀವು ಕೇಳುತ್ತೀರಲ್ಲ, ಹಾಗೆ.