ಮೋಟಾರು ಸೈಕಲ್ಲಿನ ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆಯಬಹುದೇ?

ಎಣ್ಣೆ ಬದಲಾಯಿಸುವಾಗ ಎಂಜಿನ್ನಿಗೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹೊಯ್ದು, ಕೆಲವು ನಿಮಿಷ ನಡೆಯಿಸಿ ತೊಳೆಯುವ ವಾಡಿಕೆಯು ಅಲ್ಲಲ್ಲಿ ಉಂಟಷ್ಟೆ. ತುಪ್ಪದ ಪಾತ್ರೆಯನ್ನು ತೊಳೆದು ಹೊಸ ತುಪ್ಪ ತುಂಬುವವರಿಗೆ ಇದು ಸರಿಯೆಂದು ತೋರುವುದು ಸಹಜವೇ. ಆದರೆ ಇದರಿಂದ ಯಂತ್ರಕ್ಕೆ ಹಾನಿಯೇ ಹೆಚ್ಚು.

ಇಳಿದ ಎಣ್ಣೆಯು ಕಪ್ಪಾಗಿರುವುದನ್ನು ಕಂಡು ಗಾಬರಿಗೊಳ್ಳಬೇಕಾದುದಿಲ್ಲ. ಈಗಿನ ಎಂಜಿನ್ ಎಣ್ಣೆಯಲ್ಲಿ ಮಸಿಯನ್ನು ಬಿಡಿಸಿ ತನ್ನಲ್ಲಿಯೇ ತೇಲಿಸಿಟ್ಟುಕೊಳ್ಳುವ ದ್ರವ್ಯಗಳು ಸೇರಿರುವುವು; ಕಪ್ಪು ಬಣ್ಣವು ಎಣ್ಣೆಯು ತನ್ನ ಕೆಲಸ ಮಾಡಿದುದರ ಗುರುತು. ಸೀಮೆಎಣ್ಣೆಗಾದರೋ ಸಾಕಷ್ಟು ಜಿಡ್ಡಿಲ್ಲ. ಪಿಸ್ಟನ್ನೂ ಬೇರಿಂಗುಗಳೂ ಸವೆಯುವುವು. ಮೂಲೆಗಳಲ್ಲಿ ಉಳಿದುದು ಹೊಸ ಎಣ್ಣೆಯನ್ನೂ ತೆಳ್ಳಗೆ ಮಾಡುವುದು. ಬಹುಪಾಲು ಮೋಟಾರು ಸೈಕಲ್ಲುಗಳಲ್ಲಿ ಗೇರುಗಳಿಗೂ ಕ್ಲಚ್ಚಿಗೂ ಅದೇ ಎಣ್ಣೆಯೇ ಆಧಾರ.

ಎಂಜಿನ್ನನ್ನು 5 ನಿಮಿಷ ನಡೆಯಿಸಿ ಬೆಚ್ಚಗಾದ ಮೇಲೆ ನಿಲ್ಲಿಸಿ, ಸಮನೆಲದಲ್ಲಿ ಗಾಡಿಯನ್ನು ನೆಟ್ಟಗಿರಿಸಿ, ಕೆಳಗಿನ ಬಿರಡೆಯನ್ನು ತೆಗೆದು ಕಾಲುಗಂಟೆ ಸೋರಬಿಟ್ಟರೆ ಕೊಳೆಯ ಬಹುಭಾಗವು ಎಣ್ಣೆಯೊಡನೆಯೇ ಇಳಿಯುವುದು. ಬಳಿಕ ಫಿಲ್ಟರನ್ನು ಬದಲಾಯಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದಷ್ಟೇ ಹೊಯ್ಯತಕ್ಕದ್ದು. ಅಗ್ಗವೆಂದು ಕಾರಿನ ಎಣ್ಣೆ ಹಾಕಿದರೆ ಕ್ಲಚ್ಚು ಜಾರುವುದುಂಟು.

ನೆರೆಯಲ್ಲಿ ಮುಳುಗಿದ ಗಾಡಿಯ ಸಂಗತಿ ಬೇರೆ. ನೀರು ಬೆರೆತು ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಎಂಜಿನ್ನನ್ನು ತಿರುಗಿಸಲೇಬಾರದು. ಮೆಕ್ಯಾನಿಕ್ಕಿನಿಂದ ಸಿಲಿಂಡರಿನ ನೀರನ್ನು ತೆಗೆಯಿಸಿ, ಕೆಟ್ಟ ಎಣ್ಣೆಯನ್ನು ಇಳಿಸಿ, ತಕ್ಕ ದರ್ಜೆಯ ಹೊಸ ಎಣ್ಣೆ ತುಂಬಿ ಸ್ವಲ್ಪ ಹೊತ್ತು ನಡೆಯಿಸಿ ಮತ್ತೆ ಇಳಿಸಬೇಕು. ಬಿಳುಪು ಹೋಗುವವರೆಗೂ ಹೀಗೆಯೇ. ಇಲ್ಲಿ ತೊಳೆತವು ನ್ಯಾಯವಾದುದು, ಅದೂ ಎಂಜಿನ್ ಎಣ್ಣೆಯಿಂದಲೇ.

ಇಳಿಸಿದ ಎಣ್ಣೆಯನ್ನು ಬಾವಿಯ ಬಳಿಯಲ್ಲಾಗಲಿ ಕಾಲುವೆಯಲ್ಲಾಗಲಿ ಚೆಲ್ಲದೆ, ಡಬ್ಬದಲ್ಲಿ ಕೂಡಿಟ್ಟು ಮರುಶುದ್ಧಿಗೆ ಕೊಳ್ಳುವವರಿಗೆ ಒಪ್ಪಿಸತಕ್ಕದ್ದು.