ಕಚೇರಿಯ ನುಡಿ, ಮನೆಯ ನುಡಿ

ಸಂಜೆಯ ಹೊತ್ತು ರೇಡಿಯೋದ ಮುಳ್ಳನ್ನು ಅತ್ತಿತ್ತ ಸರಿಸಿದರೆ ಸೇಡಂ, ಚಿತ್ತಾಪೂರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದು ನುಡಿ ಕೇಳಿಬರುತ್ತದೆ. ಕಲಬುರಗಿಯ ಕನ್ನಡ, ಹೈದರಾಬಾದಿನ ತೆಲುಗು ಮತ್ತು ಉರ್ದು, ದಿಲ್ಲಿಯ ಹಿಂದಿ. ಈ ಊರುಗಳ ಜನಕ್ಕೆ ಇದೇನೂ ಸೋಜಿಗವಲ್ಲ. ಬೀದಿಗೆ ಇಳಿದರೂ ಅವರ ಕಿವಿಗೆ ಬೀಳುವುದು ಇವೇ ನುಡಿಗಳು. ಇವುಗಳ ಜೊತೆಗೆ ಮರಾಠಿ ಉಂಟು. ಯಾವ ಬಾನುಲಿ ಕೇಂದ್ರದಿಂದಲೂ ದಿನವಿಡೀ ಕೇಳಿಬರದ ಲಂಬಾಣಿಯೂ ಉಂಟು.

ಹೀಗೆ ಹಲವು ನುಡಿಗಳು ಬೆರೆತ ನಾಡಿನಲ್ಲಿ ಒಂದು ಪ್ರಶ್ನೆ ಎಂದಿನಿಂದಲೂ ಏಳುತ್ತ ಬಂದಿದೆ. ಮನೆಯಲ್ಲಿ ಆಡುವ ನುಡಿ ಒಂದು, ಕಚೇರಿಯಲ್ಲಿ ಬರೆಯುವ ನುಡಿ ಇನ್ನೊಂದು ಆದಾಗ ಸಾಮಾನ್ಯ ಗೃಹಸ್ಥನ ಗತಿಯೇನು? ಹೊಲದ ಪಹಣಿ, ಕೋರ್ಟಿನ ತೀರ್ಪು, ಮಗುವಿನ ಮೊದಲ ಪಾಠ, ಈ ಮೂರನ್ನೂ ಮುಟ್ಟುವ ಪ್ರಶ್ನೆ ಇದು. ಇದಕ್ಕೆ ನಮ್ಮ ಈ ಐದು ಊರುಗಳ ನೆಲವೇ ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ಉತ್ತರಗಳನ್ನು ಕೊಡುತ್ತ ಬಂದಿದೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಚಿತ್ತಾಪೂರ ಸೀಮೆಯ ಸನ್ನತಿಗೆ ಬನ್ನಿ. ಭೀಮಾ ತೀರದ ಈ ಹಳ್ಳಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದಲ್ಲಿ, ಅಶೋಕ ಚಕ್ರವರ್ತಿಯ ಶಾಸನಗಳುಳ್ಳ ಕಲ್ಲುಚಪ್ಪಡಿ ಬೆಳಕಿಗೆ ಬಂತು. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಈ ಭಾಗದಲ್ಲಿ ನಮಗೆ ತಿಳಿದುಬಂದಿರುವ ಮೊದಲ ಸರಕಾರಿ ಭಾಷೆ ಇದೇ ಎನ್ನಬೇಕು. ಇಲ್ಲಿಯ ಜನರ ಆಡುಮಾತು ಅದಾಗಿರಲಾರದು. ಆದರೆ ಆ ಶಾಸನಗಳಲ್ಲಿ ಒಂದು ವಿಶೇಷವಿದೆ. ಧೌಲಿ ಮತ್ತು ಜೌಗಡಗಳಲ್ಲಿರುವಂತೆ ಇಲ್ಲಿಯೂ ಅಧಿಕಾರಿಗಳನ್ನು ಕುರಿತ ಎರಡು ಪ್ರತ್ಯೇಕ ಶಾಸನಗಳಿವೆ. ಈ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಕೇಳಿಸತಕ್ಕದ್ದು, ಒಬ್ಬನೇ ಇದ್ದರೂ ಅವನಿಗೆ ಕೇಳಿಸಬಹುದು ಎಂಬ ಅರ್ಥದ ಮಾತು ಅವುಗಳಲ್ಲಿ ಬರುತ್ತದೆ. ಕಲ್ಲಿನ ಮೇಲೆ ಕೆತ್ತಿದರೆ ಸಾಲದು, ಜನರ ಕಿವಿಗೆ ಮುಟ್ಟಬೇಕು ಎಂಬುದು ಅರಸನ ಆಶಯ. ಓದಿ ಕೇಳಿಸುವವನು ಊರಿನ ಮಾತಿನಲ್ಲಿ ತಿಳಿಸಿ ಹೇಳದೆ ಇದ್ದರೆ ಆ ಆಶಯ ಕೈಗೂಡುವಂತಿರಲಿಲ್ಲ. ರೇಡಿಯೋ ಕೇಳುವ ನಮಗೆ ಈ ಮರ್ಮ ಚೆನ್ನಾಗಿ ತಿಳಿಯುತ್ತದೆ.

ಇನ್ನು ಸೇಡಂ ತಾಲೂಕಿನ ಮಳಖೇಡಕ್ಕೆ ಬರೋಣ. ಕಾಗಿಣಾ ದಂಡೆಯ ಈ ಊರು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚಿತವಾಯಿತು. ಇದು ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ. ಆದರೆ ಆ ಆಸ್ಥಾನದಲ್ಲಿ ಕನ್ನಡವೊಂದೇ ಮೆರೆಯುತ್ತಿತ್ತೆಂದು ಭಾವಿಸಬಾರದು. ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದೆ; ಮುಂದಿನ ಶತಮಾನದಲ್ಲಿ ಪುಷ್ಪದಂತನು ಇದೇ ಮಾನ್ಯಖೇಟದಲ್ಲಿ ತನ್ನ ‘ಮಹಾಪುರಾಣ’ವನ್ನು ಅಪಭ್ರಂಶದಲ್ಲಿ ಬರೆದನು.

‘ಕವಿರಾಜಮಾರ್ಗ’ದ ಇನ್ನೊಂದು ಸಂಗತಿಯನ್ನು ನೀವು ಗಮನಿಸಬೇಕು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಕರೆದ ಆ ಗ್ರಂಥ, ಅದರೊಳಗೆ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಒಕ್ಕುಂದ. ರಾಜಧಾನಿಯಾದ ಮಾನ್ಯಖೇಟವೇ ಆ ಪಟ್ಟಿಯಲ್ಲಿಲ್ಲ! ಅಲ್ಲದೆ ದೇಸಿ ಮಾತಿನ ಬಗೆಗಳನ್ನು ಹೇಳಹೊರಟರೆ ಸಾವಿರ ನಾಲಗೆಯ ಸರ್ಪರಾಜನಿಗೂ ಬೇಸರ ಬಂದೀತೆಂಬ ಮಾತೂ ಅಲ್ಲಿ ಉಂಟು. ಕನ್ನಡವೆಂಬುದು ಒಂದೇ ಅಚ್ಚಿನದಲ್ಲ, ಅದರಲ್ಲಿಯೇ ಹಲವು ಕನ್ನಡಗಳಿವೆ ಎಂಬ ಅರಿವು ಅಂದೇ ಇತ್ತು. ಸೇಡಂ, ಚಿಂಚೋಳಿಯವರ ಮಾತನ್ನು ಕೇಳಿ, ಇದೆಂಥ ಕನ್ನಡ ಎಂದು ನಗುವವರು ಈ ಹಳೆಯ ಅರಿವನ್ನು ನೆನೆಯುವುದು ಒಳಿತು.

ಅಂದಿನ ದಾನಶಾಸನಗಳಲ್ಲಿ ಕಾಣುವ ಒಂದು ರೂಢಿಯೂ ಅರ್ಥಪೂರ್ಣವಾದುದು. ತೆಂಕಣ ನಾಡಿನ ಅನೇಕ ಶಾಸನಗಳಲ್ಲಿ ಅರಸನ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ಹೊಲದ ಎಲ್ಲೆಕಟ್ಟುಗಳನ್ನು ಹೇಳುವಾಗ ಭಾಷೆ ದೇಶಭಾಷೆಗೆ ತಿರುಗುತ್ತದೆ. ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಸೆಮರ ಎಂಬಂಥ ವಿವರವು ಅಕ್ಕಪಕ್ಕದ ಒಕ್ಕಲಿಗನಿಗೆ ತಿಳಿಯದಿದ್ದರೆ ಜಗಳ ತಪ್ಪದು. ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ನಡೆದೀತು, ಎಲ್ಲೆ ಮಾತ್ರ ಉಳುವವನ ಭಾಷೆಯಲ್ಲಿರಬೇಕು. ಸೇಡಿಂಬದ ಮುನ್ನೂರು ಮಹಾಜನರನ್ನು ಹೇಳುವ 12ನೆಯ ಶತಮಾನದ ಸೇಡಂ ಶಾಸನಗಳು ಕನ್ನಡದಲ್ಲಿವೆ. ಅದೇ ಕಾಲದಲ್ಲಿ ಶಹಾಬಾದದ ಸಮೀಪದ ಮರತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರನು ಬರೆದ ಧರ್ಮಶಾಸ್ತ್ರದ ವ್ಯಾಖ್ಯೆ ‘ಮಿತಾಕ್ಷರಾ’ ಸಂಸ್ಕೃತದಲ್ಲಿದೆ. ಕಾನೂನಿನ ಪಂಡಿತರಿಗೆ ಒಂದು ಭಾಷೆ, ಊರ ವ್ಯವಹಾರಕ್ಕೆ ಇನ್ನೊಂದು ಎಂಬ ಏರ್ಪಾಡು ಹೀಗೆ ಬಹಳ ಹಳೆಯದು.

1347ರಲ್ಲಿ ಕಲಬುರಗಿಯು ಬಹಮನಿ ರಾಜ್ಯದ ರಾಜಧಾನಿಯಾದ ಮೇಲೆ ಪಾರಸಿ ದರಬಾರಿನ ಭಾಷೆಯಾಯಿತು. ಜನರ ನಡುವೆ ಬೆಳೆದದ್ದು ದಖನಿ. ಮುಂದೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತು. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯ, ಎಂಜಿನಿಯರಿಂಗ್ ಮೊದಲಾದ ಶಾಸ್ತ್ರಗಳನ್ನು ಕೂಡ ಉರ್ದುವಿನಲ್ಲಿಯೇ ಕಲಿಸಿತು. ಇಂಗ್ಲಿಷಿನ ಹಂಗಿಲ್ಲದೆ ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ತೋರಿಸಿದ ಸಾಹಸವಿದು, ಇದನ್ನು ಮೆಚ್ಚಲೇಬೇಕು. ಆದರೆ ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗದಷ್ಟು ಮರಾಠಿಗರು, ಉಳಿದವರಲ್ಲಿ ಕನ್ನಡಿಗರದು ದೊಡ್ಡ ಪಾಲು. ಉರ್ದು ಮನೆಮಾತಾಗಿದ್ದವರು ಹತ್ತರಲ್ಲಿ ಒಬ್ಬರ ಆಸುಪಾಸು. ಇಂಗ್ಲಿಷನ್ನು ದೂರವಿಟ್ಟ ಅದೇ ಏರ್ಪಾಡು ಸೇಡಂನ ಕನ್ನಡದ ಹುಡುಗನಿಗೆ ಮತ್ತೊಂದು ಬೇಲಿಯಾಯಿತು. ಭಾಷೆ ದೇಶದ್ದಾದರೆ ಸಾಲದು, ಜನರದ್ದೂ ಆಗಿರಬೇಕೆಂಬ ಪಾಠ ಇದರಲ್ಲಿದೆ.

ಆ ಕಾಲದ ಬಳುವಳಿ ನಮ್ಮ ನಾಲಗೆಯ ಮೇಲೆ ಇಂದಿಗೂ ಇದೆ. ತಾಲೂಕು, ಜಿಲ್ಲೆ, ತಹಸೀಲು, ರೈತ, ಜಮೀನು, ಅರ್ಜಿ, ವಕೀಲ, ಕಾಯದೆ, ಕರಾರು, ಬಾಕಿ, ವಸೂಲಿ, ರಸೀದಿ ಮೊದಲಾದವು ಅರಬ್ಬಿ, ಪಾರಸಿ ಮೂಲದಿಂದ ಬಂದವು. ಇವನ್ನು ತೆಗೆದುಬಿಟ್ಟರೆ ತಹಸೀಲ್ದಾರರ ಕಚೇರಿಯಲ್ಲಿ ಒಂದು ವಾಕ್ಯವೂ ಪೂರ್ತಿಯಾಗದು. ಆಸ್ಪತ್ರೆ ನಮ್ಮ ಕಡೆ ದವಾಖಾನಿ, ನಿಜ ಎಂಬುದು ಖರೆ, ಸ್ವಲ್ಪ ಎಂಬುದು ಜರಾ. ಇತ್ತ ಇಲ್ಲಿಯ ಉರ್ದುವೂ ಲಖನೌದ ಉರ್ದುವಾಗಿ ಉಳಿದಿಲ್ಲ. ದಖನದ ನೀರು ಕುಡಿದು ತನ್ನದೇ ಆದ ರಾಗವನ್ನು ಪಡೆದಿದೆ.

ನುಡಿಗಳು ಬೆರೆಯಲು ಅರಸರೊಬ್ಬರೇ ಕಾರಣರಲ್ಲ. ನಿಜಾಮರ ರೈಲುಮಾರ್ಗವು ಮುಂಬಯಿ-ಮದ್ರಾಸಿನ ದಾರಿಯನ್ನು 1874ರಲ್ಲಿ ಕೂಡಿಕೊಂಡದ್ದು ವಾಡಿಯಲ್ಲಿ. ಅಂದಿನಿಂದ ಅದು ಜಂಕ್ಷನ್. ಜಂಕ್ಷನ್ ಎಂದ ಮೇಲೆ ನಾಲ್ಕು ದಿಕ್ಕಿನ ಮಾತೂ ಅಲ್ಲಿ ಕೂಡಲೇಬೇಕು. ಶಹಾಬಾದದ ಹಾಸುಗಲ್ಲು ದೂರದ ಊರುಗಳ ನೆಲಕ್ಕೆ ಹೋಯಿತು. ಅಲ್ಲಿಯ ಗಣಿಗಳಿಗೂ ಸಿಮೆಂಟು ಕಾರ್ಖಾನೆಗಳಿಗೂ ದೂರದ ಕೂಲಿಕಾರರು ಬಂದರು. ಸೇಡಂ, ಚಿಂಚೋಳಿಗಳ ಮೂಡಣ ಹಳ್ಳಿಗಳಿಗೆ ತೆಲುಗುನಾಡು ಕೂಗಳತೆಯ ದೂರದಲ್ಲಿದೆ. ಸಂತೆಗೆ ಹೋದವನು ಎರಡು ನುಡಿಯಲ್ಲಿ ಚೌಕಾಸಿ ಮಾಡುತ್ತಾನೆ.

1948ರ ಸೆಪ್ಟಂಬರಿನಲ್ಲಿ ಹೈದರಾಬಾದು ಭಾರತ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳು ಪುನರ್ರಚಿತವಾದವು. ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದೇ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಗೆರೆ ಎಷ್ಟೇ ವಿಚಾರಮಾಡಿ ಎಳೆದರೂ ಅದರ ಆಚೆ ಕೆಲವು ಕನ್ನಡದ ಮನೆಗಳೂ ಈಚೆ ಕೆಲವು ತೆಲುಗಿನ ಮನೆಗಳೂ ಉಳಿಯುವುದು ತಪ್ಪಲಿಲ್ಲ. 1963ರ ಅಧಿಕೃತ ಭಾಷಾ ಅಧಿನಿಯಮದಿಂದ ಕನ್ನಡವು ರಾಜ್ಯದ ಆಡಳಿತ ಭಾಷೆಯೆನಿಸಿತು. ಹೊಲದ ಎಲ್ಲೆ ಮರಳಿ ಉಳುವವನ ಭಾಷೆಗೆ ಬಂದಿತು ಎನ್ನಬಹುದು.

ಆದರೂ ಎಲ್ಲ ತೊಡಕು ಬಗೆಹರಿಯಿತೆಂದು ತಿಳಿಯಬೇಡಿ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಜಮೀನಿನ ಕಾಗದವೊಂದು ಇದ್ದೀತು. ಅದು ಉರ್ದುವಿನಲ್ಲಿರುವ ಸಂಭವವೇ ಹೆಚ್ಚು. ಅದರ ಮೇಲಿನ ವರ್ಷವೂ ನಮ್ಮ ಎಣಿಕೆಯದಲ್ಲ, ಫಸಲಿ. ಫಸಲಿಗೆ 590ನ್ನು ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ಸಿಕ್ಕುತ್ತದೆ. 1340ನೆಯ ಫಸಲಿ ಎಂದರೆ ಸುಮಾರು 1930-31. ಮಕ್ಕಳು ಪಾಲಿಗೆ ನಿಂತಾಗ, ಬಾಂದಿನ ತಕರಾರು ಎದ್ದಾಗ, ಇಂಥ ಕಾಗದವನ್ನು ಓದಬಲ್ಲ ಹಿರಿಯರನ್ನು ಹುಡುಕಬೇಕಾಗುತ್ತದೆ. ಅಂಥವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ವ್ಯಾಜ್ಯ ಮೇಲಕ್ಕೆ ಹೋದರೆ ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠದಲ್ಲಿ ಅದು ಇಂಗ್ಲಿಷಿಗೆ ತಿರುಗುತ್ತದೆ. ಒಂದೇ ಹೊಲ, ಹಳೆಯ ಕಾಗದ ಉರ್ದು, ಇಂದಿನ ಪಹಣಿ ಕನ್ನಡ, ಮೇಲಿನ ತೀರ್ಪು ಇಂಗ್ಲಿಷು. ಹೊಲದ ಒಡೆಯ ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡುವವನಾದರೆ ಆತನಿಗೆ ನಾಲ್ಕು ನುಡಿಗಳ ದಾರಿ.

ಲಂಬಾಣಿಯ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಚಿಂಚೋಳಿ, ಸೇಡಂ, ಚಿತ್ತಾಪೂರ ಸೀಮೆಗಳ ತಾಂಡಾಗಳಲ್ಲಿ ಆಡುವ ಈ ನುಡಿ ರಾಜಸ್ಥಾನದ ಕಡೆಯ ನುಡಿಗಳಿಗೆ ಹತ್ತಿರದ್ದು. ಇದಕ್ಕೆ ಪರಂಪರೆಯಿಂದ ಬಂದ ಸ್ವಂತ ಲಿಪಿಯಿಲ್ಲ. ನಮ್ಮಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಚಿಂಚೋಳಿಯ ಹುಡುಗಿ ಬರೆದ ಹಾಡನ್ನು ತಾಂಡೂರಿನಲ್ಲಿರುವ ಅವಳ ಸೋದರಮಾವನ ಮಗಳು ಓದಲಾರಳು, ಕೇಳಿದರೆ ಮಾತ್ರ ಪೂರ್ತಿ ತಿಳಿಯುತ್ತದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಮೊದಲು 14 ಭಾಷೆಗಳಿದ್ದು ಈಗ 22 ಆಗಿವೆ. ಅವುಗಳಲ್ಲಿ ಲಂಬಾಣಿ ಇಲ್ಲ. 2011ರ ಜನಗಣತಿಯಲ್ಲಿ ಇದನ್ನು ಮನೆಮಾತೆಂದು ಬರೆಸಿದವರನ್ನು ಹಿಂದಿಯ ಲೆಕ್ಕದೊಳಗೆ ಸೇರಿಸಲಾಗಿದೆ.

2023ರ ಜನವರಿ 19ರಂದು ಇದೇ ಮಳಖೇಡದಲ್ಲಿ ಕಲಬುರಗಿ ಮೊದಲಾದ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಮಿಕ್ಕ ಹಕ್ಕುಪತ್ರಗಳನ್ನು ಹಂಚುವ ಸಮಾರಂಭ ನಡೆಯಿತು. ದಾಖಲೆಯಿಲ್ಲದ ತಾಂಡಾಗಳು ಕಂದಾಯ ಗ್ರಾಮಗಳಾದವು. ದೊಡ್ಡ ಸಂಗತಿಯೇ ಸರಿ. ಮನೆಯ ಹಕ್ಕು ಕೈಗೆ ಬಂತು. ಆ ಕಾಗದವನ್ನು ಓದಿಕೊಳ್ಳುವ ಬಲವು ಶಾಲೆಯಿಂದ ಬರಬೇಕಾಗಿದೆ. ತಾಂಡಾದ ಮಗು ಮೊದಲ ದಿನ ಶಾಲೆಗೆ ಬಂದಾಗ ಗುರುಗಳ ಕನ್ನಡ ಅದಕ್ಕೆ ಹೊಸ ಭಾಷೆ. ಮೊದಲ ಕೆಲವು ತಿಂಗಳು ಅದರ ನುಡಿಯಲ್ಲಿ ನಾಲ್ಕು ಮಾತಾಡಬಲ್ಲ ಗುರುಗಳು ಸಿಕ್ಕರೆ ಕನ್ನಡವೂ ಬೇಗ ಬಂದೀತು.

ಬೇರೆ ದೇಶಗಳಲ್ಲಿ ಹೇಗೆ ಎಂದು ನೀವು ಕೇಳಬಹುದು. ಆಫ್ರಿಕಾ ಖಂಡದ ದಕ್ಷಿಣ ಭಾಗವನ್ನು ನೋಡಿ. ದಕ್ಷಿಣ ಆಫ್ರಿಕದ ಸೊವೆಟೊದಲ್ಲಿ 1976ರ ಜೂನ್ 16ರಂದು, ಆಫ್ರಿಕಾನ್ಸ್ ಭಾಷೆಯಲ್ಲಿ ಪಾಠ ಹೇರಿದುದನ್ನು ಪ್ರತಿಭಟಿಸಿ ಶಾಲೆಯ ಮಕ್ಕಳೇ ಬೀದಿಗೆ ಇಳಿದರು, ಗುಂಡಿಗೆ ಬಲಿಯಾದರು. ವರ್ಣಭೇದದ ಆಳ್ವಿಕೆ ಮುಗಿದ ಮೇಲೆ 1996ರ ಸಂವಿಧಾನವು 11 ಭಾಷೆಗಳನ್ನು ಅಧಿಕೃತವೆಂದು ಸಾರಿತು; 2023ರಲ್ಲಿ ಕಿವುಡರ ಸಂಜ್ಞಾಭಾಷೆ 12ನೆಯದಾಯಿತು. ಅಲ್ಲಿ ನೆಲೆಸಿದ ಜನಾಂಗಗಳ ಭಾಷೆಗಳೆಂದು ಗೌರವಿಸತಕ್ಕವುಗಳ ಸಾಲಿನಲ್ಲಿ ನಮ್ಮ ಸೇಡಂನಲ್ಲಿ ಕೇಳುವ ತೆಲುಗು, ಉರ್ದುಗಳ ಹೆಸರೂ ಆ ಸಂವಿಧಾನದಲ್ಲಿವೆ! ಜಿಂಬಾಬ್ವೆಯು 2013ರ ಸಂವಿಧಾನದಲ್ಲಿ 16 ಭಾಷೆಗಳನ್ನು ಮನ್ನಿಸಿತು. ನಮೀಬಿಯಾದ ದಾರಿ ಬೇರೆ. 1990ರಲ್ಲಿ ಸ್ವತಂತ್ರವಾದಾಗ ಅದು, ಕೆಲವೇ ಮಂದಿಯ ಮನೆಮಾತಾದ ಇಂಗ್ಲಿಷೊಂದನ್ನೇ ಅಧಿಕೃತ ಭಾಷೆಯಾಗಿ ಆರಿಸಿಕೊಂಡಿತು. ಯಾರ ಕಡೆಗೂ ವಾಲದ ಭಾಷೆ ಬೇಕೆಂಬುದು ಅವರ ವಿಚಾರ. ಹಲವನ್ನು ಮನ್ನಿಸಿದರೆ ಪುಸ್ತಕ, ಶಿಕ್ಷಕರು, ಅನುವಾದಕರನ್ನು ಒದಗಿಸುವ ಹೊರೆ ದೊಡ್ಡದು. ಒಂದನ್ನೇ ಹಿಡಿದರೆ ಅದನ್ನು ಅರಿಯದವರು ಹಿಂದೆ ಬೀಳುತ್ತಾರೆ. ಎರಡು ಬಗೆಯಲ್ಲಿಯೂ ಬೆಲೆ ತೆರಬೇಕು. ಕಾಗದದ ಮೇಲೆ ಭಾಷೆಗೆ ಪದವಿ ಕೊಡುವುದು ಸುಲಭ, ಅದನ್ನು ಕಚೇರಿಯ ಕಿಟಕಿಯವರೆಗೆ ತರುವುದು ಕಷ್ಟ.

ನಮ್ಮ ಸಂವಿಧಾನ ನಡುದಾರಿಯೊಂದನ್ನು ಹಾಕಿಕೊಟ್ಟಿದೆ. ರಾಜ್ಯವು ತನ್ನ ಭಾಷೆಯನ್ನು 345ನೆಯ ಅನುಚ್ಛೇದದಂತೆ ಆರಿಸಿಕೊಳ್ಳಬಹುದು. ಆದರೆ 350ನೆಯ ಅನುಚ್ಛೇದದಂತೆ ತನ್ನ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. 1956ರಲ್ಲಿ ಸೇರಿಸಿದ 350-ಎ ಅನುಚ್ಛೇದವು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಒದಗಿಸುವ ಪ್ರಯತ್ನ ಮಾಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಕಾಸರಗೋಡಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಕನ್ನಡದ ಶಾಲೆಗಳಿಗಾಗಿ ನಾವು ನೆಚ್ಚುವುದು ಇಂಥ ಮಾತನ್ನೇ. ಅಲ್ಲಿಯ ಕನ್ನಡದ ಮಗುವಿಗೆ ನಾವು ಕೇಳುವುದನ್ನು ಇಲ್ಲಿಯ ಉರ್ದು, ತೆಲುಗು, ಮರಾಠಿ, ಲಂಬಾಣಿಯ ಮಗುವಿಗೆ ಕೊಡಲು ಹಿಂಜರಿಯುವುದು ನ್ಯಾಯವಲ್ಲ.

ಓದುಗರೇ, ಆಡಳಿತ ಕನ್ನಡದಲ್ಲಿ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆ ಕನ್ನಡ ತಿಳಿಗನ್ನಡವಾಗಿರಲಿ. ನೋಟೀಸನ್ನು ಓದಿ ಹೇಳಲು ಮತ್ತೊಬ್ಬರ ಹಂಗು ಬೇಡವಾಗಲಿ. ನಿಮ್ಮ ಪೆಟ್ಟಿಗೆಯ ಉರ್ದು ಕಾಗದವನ್ನು ಓದಬಲ್ಲ ಹಿರಿಯರು ನೆರೆಯಲ್ಲಿದ್ದರೆ, ಅವರಿರುವಾಗಲೇ ಕನ್ನಡದಲ್ಲಿ ಅದರ ಸಾರವನ್ನು ಬರೆದಿಟ್ಟುಕೊಳ್ಳಿ. ಆ ಮನೆಯ ಮಕ್ಕಳ ಕನ್ನಡದ ಪಾಠಕ್ಕೆ ನೀವು ನೆರವಾಗಿರಿ. ಹೀಗೆ ಕೊಟ್ಟು ತಂದು ಬಾಳಿದ ನೆರೆಹೊರೆಯಿಂದಲೇ ಈ ಐದು ಊರುಗಳ ನುಡಿಗಳು ಇಷ್ಟು ಕಾಲ ಒಂದೇ ಬೀದಿಯಲ್ಲಿ ಉಳಿದಿವೆ.